ದೊರೆಸಾನಿಯ ಕಾಲು

ಫೆಬ್ರವರಿ 4

ಪ್ರೀತಿಯ ಅಕ್ಕನಿಗೆ,

ಗುಬ್ಬಿ ಮಾಡುವ ನಮಸ್ಕಾರ. ನಿಮ್ಮ ತಮ್ಮ, ಅತ್ತೆ, ಪಾಪು ಎಲ್ಲರೂ ಚೆನ್ನಾಗಿದ್ದಾರೆ. ಈ ಮನೆಯಲ್ಲಿ ಚೆನ್ನಾಗಿಲ್ಲದವಳು ದೊರೆಸಾನಿ ಒಬ್ಬಳೇ, ಅದಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ನಿಮ್ಮ ಫಾರಮ್ಮಿನಿಂದ ರಟ್ಟಿನ ಡಬ್ಬದಲ್ಲಿ ನೀವು ತಂದುಕೊಟ್ಟ ಅಂಗೈಯಗಲದ ಬಾತುಕೋಳಿ ಮರಿ ಈಗ ಹೇಗೆ ಬೆಳೆದಿದೆಯೆಂದರೆ, ಅತ್ತೆ ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ, ಬಚ್ಚಲಿಗೆ ಹೋದರೆ ಬಚ್ಚಲಿಗೆ, ಹಿಂದೆಯೇ ಸೊಂಟ ಕುಣಿಸಿಕೊಂಡು ಹೋಗುತ್ತದೆ. ಹಿತ್ತಿಲಿನ ಸಿಮೆಂಟು ಕಿತ್ತು ಜಲ್ಲಿ ಎದ್ದಿದೆ. ಇಬ್ಬರೂ ಬರಿಗಾಲು. ಹತ್ತು ದಿನದಿಂದ ದೊರೆಸಾನಿ ಕುಂಟುತ್ತಿದ್ದಾಳೆ. ಎತ್ತಿ ನೋಡಿದರೆ ಎಡಗಾಲಿನ ಅಡಿಯಲ್ಲಿ ಊತ, ನಡುವೆ ಗಟ್ಟಿ ಹಕ್ಕಳೆ. ಅರಿಶಿನ ಹಚ್ಚಿದೆ, ಮುಲಾಮು ಹಚ್ಚಿದೆ, ಎಲ್ಲವನ್ನೂ ಕೊಕ್ಕಿನಿಂದ ತೆಗೆದು ತಿಂದಳು.

ನನ್ನ ಭಯ ಬೇರೆ. ಪಾಪುಗೆ ಈಗ ಎಂಟು ತಿಂಗಳು. ಎಲ್ಲೆಂದರಲ್ಲಿ ಅಂಬೆಗಾಲಿಡುತ್ತಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಆ ಕೀವು ಅವನಿಗೆ ತಗುಲಿದರೆ ಗತಿಯೇನು? ನಾನು ನಿದ್ದೆ ಮಾಡಿ ಎಷ್ಟು ದಿನವಾಯಿತೋ ಲೆಕ್ಕ ಬಿಟ್ಟಿದ್ದೇನೆ. ಮಗು ಉಸಿರಾಡುತ್ತಿದೆಯಾ ಎಂದು ನೋಡುವುದೇ ನನ್ನ ಕೆಲಸ.

ಅತ್ತೆಗೆ ಕಣ್ಣಿನ ಪೊರೆ ಇನ್ನಷ್ಟು ದಪ್ಪವಾಗಿದೆ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುವುದಿಲ್ಲ. 'ನನ್ನ ಮಗಳು ದಿನಾ ಸಾವಿರ ಬಾತುಕೋಳಿ ನೋಡ್ತಾಳೆ, ಅವಳಿಗೆ ಬರಿ' ಎಂದರು. ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದ ನಿಮ್ಮ ತಮ್ಮ ಅದನ್ನು ಕೇಳಿ, 'ರಾತ್ರಿಯೆಲ್ಲ ನಿಂತು ಹಿಟ್ಟು ನಾದೋನ ಕಾಲು ಯಾರೂ ಕೇಳಲ್ಲ, ದೊರೆಸಾನಿ ಕುಂಟಿದ್ರೆ ಮಾತ್ರ ಕಾಗದ ಹೋಗುತ್ತೆ' ಎಂದು ಮಲಗಲು ಹೋದರು.

ಬೇಗ ಬರೆಯಿರಿ.

ನಿಮ್ಮ,
ಗುಬ್ಬಿ

ಫೆಬ್ರವರಿ 11

ಪ್ರೀತಿಯ ಗುಬ್ಬಿ,

ನೀನು ಕಾಲೇಜು ಓದಿದವಳು, ನಾನು ಬಾತುಕೋಳಿ ಓದಿದವಳು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಹೇಳಿದಂತೆ ಕೇಳು.

ಅದು ಅಂಗಾಲಿನ ಕೀವುಗಡ್ಡೆ. ಗಟ್ಟಿ ನೆಲದಲ್ಲಿ ಓಡಾಡುವ ಎಲ್ಲ ಹಕ್ಕಿಗೂ ಬರುತ್ತದೆ. ಮೇಲೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ, ರೋಗ ಒಳಗಿದೆ. ದಿನಕ್ಕೊಮ್ಮೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಗಂಟೆ ಕಾಲು ಮುಳುಗಿಸಿಡು. ಬಿಸಿ ಎಷ್ಟಿರಬೇಕೆಂದರೆ ನಿನ್ನ ಮೊಣಕೈ ತಡೆಯುವಷ್ಟು. ಹಕ್ಕಳೆ ಮೆತ್ತಗಾದ ಮೇಲೆ ಚಿಮಟದಿಂದ ಅಂಚು ಎತ್ತು. ಒಳಗೆ ಹಳದಿ ಬೀಜದಂಥ ಗಟ್ಟಿ ಕೀವಿರುತ್ತದೆ, ಅದನ್ನು ತೆಗೆ. ಅಯೋಡಿನ್ ಹಾಕಿ, ಹತ್ತಿ ಇಟ್ಟು, ಬ್ಯಾಂಡೇಜು ಸುತ್ತು. ಒಂದು ಸುರುಳಿ ಹನ್ನೆರಡು ದಿನ ಬರುತ್ತದೆ. ಜಲ್ಲಿಯ ಮೇಲೆ ಬಿಡಬೇಡ, ಒಣ ಬಟ್ಟೆ ಹಾಸಿ ಒಳಗಿಡು. ಬಾತುಕೋಳಿ ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಕುಂಟುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಆಗಲೇ ತಡವಾಗಿರುತ್ತದೆ.

ಪಾಪುವಿನಿಂದ ದೂರ ಇಡು, ಕೈ ಸೋಪಿನಲ್ಲಿ ತೊಳೆ, ಅಷ್ಟು ಸಾಕು. ಹಗಲೆಲ್ಲ ಹೆದರಿಕೊಂಡು ಕೂತರೆ ಹಾಲು ಬತ್ತೀತು.

ಈ ತಿಂಗಳು ಬರುತ್ತೇನೆ ಎಂದಿದ್ದೆ, ಆಗುವುದಿಲ್ಲ. ಕೆಲಸ ಜಾಸ್ತಿ. ಅಮ್ಮನಿಗೆ ಹೇಳು.

ಅಕ್ಕ

ಫೆಬ್ರವರಿ 22

ಅಕ್ಕ,

ನೀವು ಬರೆದ ಹಾಗೆ ಎಲ್ಲ ಮಾಡಿದೆ. ನಿಮ್ಮ ಕಾಗದ ಬಂದ ದಿನ ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡರು. ಮರುದಿನ ಇನ್ನೊಮ್ಮೆ. ಮಗಳು ಎದುರಿಗೆ ಕೂತು ಮಾತಾಡಿದ ಹಾಗಾಗುತ್ತದಂತೆ.

ದೊರೆಸಾನಿಯನ್ನು ಟವೆಲಿನಲ್ಲಿ ಸುತ್ತಿ ಅತ್ತೆ ತೊಡೆಯ ಮೇಲಿಟ್ಟುಕೊಂಡರು. ನಾನು ಚಿಮಟ ಹಿಡಿದೆ. ಬೀಜ ಸಲೀಸಾಗಿ ಬರಲಿಲ್ಲ, ಅರ್ಧ ಬಂದು ತುಂಡಾಯಿತು. ಹೆದರಿ ಅಷ್ಟಕ್ಕೇ ಬ್ಯಾಂಡೇಜು ಸುತ್ತಿದೆ. ಅವಳು ಒಂದು ಸಲವೂ ಕೂಗಲಿಲ್ಲ. 'ಸುಮ್ನಿರೇ, ನನ್ನ ಮಗಳು ಹೇಳಿದ ಔಷಧಿ, ವಾಸಿಯಾಗದೆ ಎಲ್ಲಿಗೆ ಹೋಗುತ್ತೆ' ಎಂದು ಅತ್ತೆ ಅದರ ತಲೆ ಸವರುತ್ತಿದ್ದರು.

ದೊರೆಸಾನಿಯ ಬುಟ್ಟಿ, ನೀರಿನ ಟಬ್ಬು, ಹತ್ತಿ, ಬ್ಯಾಂಡೇಜು ಎಲ್ಲವನ್ನೂ ಅತ್ತೆಯ ಕೋಣೆಗೆ ಸಾಗಿಸಿದ್ದೇನೆ. ಪಾಪು ಅಲ್ಲಿಗೆ ಹೋಗದಂತೆ ಬಾಗಿಲಿಗೆ ಅಡ್ಡ ಹಲಗೆ ಕಟ್ಟಿದ್ದೇನೆ. ಅವನ ಆಟದ ಸಾಮಾನನ್ನೆಲ್ಲ ದಿನಾ ಕುದಿಸುತ್ತೇನೆ. ಮೊನ್ನೆ ಮೈ ಬೆಚ್ಚಗಾಗಿತ್ತು, ಓಡಿದೆ ಡಾಕ್ಟರ ಹತ್ತಿರ. ಹಲ್ಲು ಬರುತ್ತಿದೆ ಅಷ್ಟೇ ಎಂದರು. ನನಗೆ ನಂಬಿಕೆ ಬರಲಿಲ್ಲ, ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರೂ ಹಾಗೇ ಹೇಳಿದರು.

ಒಂದು ಅರ್ಥವಾಗುತ್ತಿಲ್ಲ. ಹನ್ನೆರಡು ದಿನ ಬರಬೇಕಾದ ಬ್ಯಾಂಡೇಜು ಐದು ದಿನಕ್ಕೇ ಮುಗಿಯಿತು. ಅಯೋಡಿನ್ ಕೂಡ. ದೊರೆಸಾನಿ ಕಿತ್ತು ಹಾಕುತ್ತಾಳೆ ಎಂದು ಅತ್ತೆ ಹೇಳುತ್ತಾರೆ. ಆ ಕೋಣೆಯಲ್ಲಿ ಒಂಥರಾ ವಾಸನೆ. ದಿನಾ ಬಟ್ಟೆ ಬದಲಾಯಿಸಿದರೂ ಹೋಗುವುದಿಲ್ಲ. ಗಾಯ ಒಳಗೊಳಗೇ ಕೊಳೆಯುತ್ತಿದೆಯಾ?

ಅತ್ತೆ ಈಗ ಮನೆಯೊಳಗೂ ಸಾಕ್ಸ್ ಹಾಕಿಕೊಳ್ಳುತ್ತಾರೆ, ನೆಲ ತಣ್ಣಗಂತೆ. ಒಳ್ಳೆಯದೇ ಆಯಿತು, ಬರಿಗಾಲಲ್ಲಿ ಓಡಾಡುವುದು ನಿಂತಿತು.

ಗುಬ್ಬಿ

ಮಾರ್ಚ್ 1

ಪ್ರೀತಿಯ ಗುಬ್ಬಿ,

ವಾಸನೆ ಇದೆ ಎಂದರೆ ಬೀಜ ಉಳಿದಿದೆ ಎಂದೇ ಅರ್ಥ. ನೀನು ಹೆದರಿ ಹೆದರಿ ಮಾಡಿದ್ದೀಯ. ಇಂಥ ಹಠಮಾರಿ ಗಾಯಕ್ಕೆ ದಯೆ ತೋರಿಸಿದರೆ ಕಾಲೇ ಹೋಗುತ್ತದೆ. ನೀರು ಇನ್ನಷ್ಟು ಬಿಸಿ ಇರಲಿ, ದಿನಕ್ಕೆ ಎರಡು ಸಲ. ಸತ್ತ ಚರ್ಮವನ್ನೆಲ್ಲ ಎತ್ತಿ ಕೀಳು. ರಕ್ತ ಬಂದರೂ ನಿಲ್ಲಿಸಬೇಡ. ರಕ್ತ ಬಂತು ಎಂದರೆ ಜೀವ ಇರುವ ಜಾಗ ಮುಟ್ಟಿದೆ ಎಂದು ತಿಳಿ. ಒಳಗೆ ಕೆಂಪು ಮಾಂಸ ಕಾಣುವವರೆಗೂ ಬಿಡಬೇಡ.

ಇಲ್ಲಿ ನಾವು ಒಂದು ಹಕ್ಕಿಗೆ ಮೂರು ವಾರ ಕೊಡುತ್ತೇವೆ. ಅಷ್ಟರಲ್ಲಿ ವಾಸಿಯಾಗದಿದ್ದರೆ ಇಟ್ಟುಕೊಳ್ಳುವುದಿಲ್ಲ. ಈ ಸಾಲನ್ನು ಅಮ್ಮನಿಗೆ ಓದಿ ಹೇಳಬೇಡ.

ಬ್ಯಾಂಡೇಜು ಅಷ್ಟು ಬೇಗ ಮುಗಿಯುವುದು ನನಗೂ ಅರ್ಥವಾಗಲಿಲ್ಲ. ಸುತ್ತುವುದು ಸರಿಯಾಗಿ ಬರದಿದ್ದರೆ ಅಮ್ಮನ ಕೈಯಲ್ಲಿ ಸುತ್ತಿಸು. ಅಪ್ಪನಿಗೆ ಸುತ್ತಿ ಸುತ್ತಿ ಅವಳ ಕೈ ಪಳಗಿದೆ.

ವಾರಕ್ಕೊಂದು ಸಲ ಮೇವಿನ ಲಾರಿ ಹೋಗುವಾಗ ಮಾತ್ರ ಇಲ್ಲಿಂದ ಕಾಗದ ಹೊರಡುತ್ತದೆ. ತಡವಾದರೆ ಮುನಿಸಿಕೊಂಡೆ ಎಂದುಕೊಳ್ಳಬೇಡ.

ಅಕ್ಕ

ಮಾರ್ಚ್ 9

ಅಕ್ಕ,

ತಪ್ಪು ಮಾಡಿಬಿಟ್ಟೆ. ನಿದ್ದೆಗಣ್ಣಲ್ಲಿ ನಿಮ್ಮ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದುತ್ತಿದ್ದೆ. ಮೂರು ವಾರದ ಮಾತು ಬಾಯಿಂದ ಬಿದ್ದ ಮೇಲೆ ಓದಬೇಡ ಎಂಬ ಸಾಲು ಕಣ್ಣಿಗೆ ಬಿತ್ತು. ಅತ್ತೆ ನಕ್ಕರು. ಆಮೇಲೆ, 'ನಾವು ಶುರು ಮಾಡಿ ಎಷ್ಟು ದಿನ ಆಯ್ತು?' ಎಂದು ಕೇಳಿದರು. ಎರಡು ವಾರ ದಾಟಿತು ಎಂದೆ. ಬೆರಳು ಮಡಿಸಿ ಎಣಿಸಿಕೊಂಡರು.

ಆದರೆ ಒಳ್ಳೆಯ ಸುದ್ದಿಯಿದೆ. ಈ ಸಲ ಹೆದರಲಿಲ್ಲ, ಬೀಜ ಬುಡಸಮೇತ ಬಂತು, ನನ್ನ ಕಿರುಬೆರಳಿನ ಉಗುರಿನಷ್ಟು. ಈಗ ಅಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ದೊರೆಸಾನಿ ಕಾಲೂರಿ ನಡೆಯುತ್ತಾಳೆ.

ವಾಸನೆ ಮಾತ್ರ ಹೋಗಿಲ್ಲ. ಕೋಣೆಯ ಗೋಡೆಗೇ ಹಿಡಿದಿದೆಯೇನೋ. ನಿಮ್ಮ ತಮ್ಮನಿಗೆ ಹೇಳಿದರೆ, ಹಗಲೆಲ್ಲ ಮಲಗುವವನಿಗೆ ಯಾವ ವಾಸನೆಯಮ್ಮ ಎನ್ನುತ್ತಾರೆ.

ಅತ್ತೆಯ ಹುರುಪು ನೋಡಬೇಕು ನೀವು. ದೊರೆಸಾನಿಯ ಸ್ನಾನ ಮುಗಿದ ಮೇಲೆ ಟಬ್ಬನ್ನು ನನ್ನ ಕೈಯಿಂದ ಇಸಿದುಕೊಂಡು, ನಾನೇ ಚೆಲ್ಲುತ್ತೇನೆ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ನಿನ್ನೆ ನೀರಿನ ಬಿಸಿ ನೋಡಲು ಅವರೇ ಕಾಲದ್ದಿ, ಬೆಚ್ಚಗೂ ಇಲ್ಲ ಎಂದು ಕೆಟಲಿನ ನೀರೆಲ್ಲ ಸುರಿದರು. ನಾನು ಮೊಣಕೈ ಇಟ್ಟರೆ ಚುರುಕ್ಕೆಂದಿತು, ತಣ್ಣೀರು ಬೆರೆಸಿದೆ. ದುಡಿದ ಕಾಲಿನ ಚರ್ಮ ಎಷ್ಟು ಗಟ್ಟಿ ನೋಡಿ.

ಊಟ ಮಾತ್ರ ಕಡಿಮೆ ಮಾಡಿದ್ದಾರೆ. ನೀರು ಬಹಳ ಕುಡಿಯುತ್ತಾರೆ. ಮಧ್ಯಾಹ್ನವೆಲ್ಲ ಮಲಗಿರುತ್ತಾರೆ. ನೀವು ಬರಲಿಲ್ಲ ಎಂಬ ಕೊರಗಿರಬೇಕು.

ಬ್ಯಾಂಡೇಜು ಇನ್ನೂ ಎರಡು ಸುರುಳಿ ತಂದೆ.

ಗುಬ್ಬಿ

ಮಾರ್ಚ್ 15

ಗುಬ್ಬಿ,

ಈ ಕಾಗದ ನಿನ್ನ ಕೈಗೆ ಬಂದ ಕೂಡಲೇ, ಒಲೆಯ ಮೇಲೆ ಏನಿದ್ದರೂ ಇಳಿಸಿ, ಅಮ್ಮನ ಕೋಣೆಗೆ ಹೋಗಿ ಅವಳ ಸಾಕ್ಸ್ ಬಿಚ್ಚಿಸು. ಅವಳು ಬೇಡ ಎನ್ನುತ್ತಾಳೆ. ಬೈಯುತ್ತಾಳೆ. ಬಿಡಬೇಡ. ಎರಡೂ ಕಾಲಿನ ಅಡಿ ನೋಡು, ಬೆರಳುಗಳ ಸಂದು ನೋಡು.

ಇವತ್ತು ಬೆಳಿಗ್ಗೆ ನಿನ್ನ ಕಾಗದ ಬಂತು. ಆಫೀಸಿನ ಫೋನಿನಿಂದ ಬೇಕರಿಗೆ ಮಾಡಿದೆ. ತಮ್ಮನ ಪಾಳಿ ಶುರುವಾಗಿರಲಿಲ್ಲ. ಒಲೆ ನೋಡುವ ಮನುಷ್ಯ ಎತ್ತಿದ. ಆ ಗದ್ದಲದಲ್ಲಿ ಅವನಿಗೆ ಎಷ್ಟು ಕೇಳಿಸಿತೋ. ಫೋನು ಮಾಡಲು ಹೇಳಿ ಎಂದೆ. ಇನ್ನೂ ಮಾಡಿಲ್ಲ. ಅದಕ್ಕೇ ಲಾರಿಯ ಡ್ರೈವರಿಗೆ ಕೈಮುಗಿದು ಇದನ್ನು ಕೊಡುತ್ತಿದ್ದೇನೆ.

ನಿನಗೆ ಯಾರೂ ಹೇಳದ ವಿಷಯ ಒಂದಿದೆ. ಅಪ್ಪ ಎದೆನೋವಿನಿಂದ ಹೋದರು ಎಂದು ನಿನಗೆ ಹೇಳಿದ್ದೇವೆ. ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಮೊದಲು ಹೆಬ್ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಒಂದೊಂದು ಸಲವೂ ಇಷ್ಟಕ್ಕೆ ಮುಗಿಯಿತು ಎಂದರು. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, 'ನಂಗೇನಾದ್ರೂ ಆದ್ರೆ ಯಾರಿಗೂ ತೋರಿಸಲ್ಲ' ಎಂದಿದ್ದಳು. ಆ ಮಾತನ್ನು ನಾನು ಮರೆತಿದ್ದೆ. ಅವಳು ಮರೆತಿಲ್ಲ.

ನಾನು ಬರಲಾರೆ. ಇಲ್ಲಿ ಹಕ್ಕಿಗಳಿಗೆ ರೋಗ ಬಂದು ಗೇಟು ಮುಚ್ಚಿ ಒಂದು ತಿಂಗಳು ದಾಟಿದೆ. ಕೆಲಸದವರು ಯಾರೂ ಹೊರಗೆ ಹೋಗುವಂತಿಲ್ಲ. ನೀವು ಹೆದರುತ್ತೀರಿ ಎಂದು ಬರೆದಿರಲಿಲ್ಲ.

ಓದುತ್ತಾ ನಿಲ್ಲಬೇಡ. ಹೋಗು.

ಅಕ್ಕ

ಮಾರ್ಚ್ 17

ಪ್ರೀತಿಯ ಅಕ್ಕ,

ನಿನ್ನೆ ನಾನು ಐದು ಗಂಟೆ ನಿದ್ದೆ ಮಾಡಿದೆ. ಒಂದೇ ಸಮ, ಐದು ಗಂಟೆ. ಎದ್ದಾಗ ಲೋಕವೇ ತೊಳೆದಿಟ್ಟ ಹಾಗಿತ್ತು. ದೊರೆಸಾನಿಗೆ ಪೂರ್ತಿ ವಾಸಿಯಾಗಿದೆ. ಮೂರು ದಿನದಿಂದ ಬ್ಯಾಂಡೇಜಿಲ್ಲ. ದೊಡ್ಡ ಟಬ್ಬಿನಲ್ಲಿ ಈಜುತ್ತಾಳೆ, ಪಾಪು ಅದನ್ನು ನೋಡಿ ಕೇಕೆ ಹಾಕುತ್ತಾನೆ.

ನೀವು ಬೇಕರಿಗೆ ಫೋನು ಮಾಡಿದ್ದಿರಂತೆ. ಒಲೆಯವನು 'ನಿಮ್ಮಕ್ಕ ಮಾಡಿದ್ರು' ಎಂದಷ್ಟೇ ಹೇಳಿದನಂತೆ. 'ದೊರೆಸಾನಿ ಕ್ಷೇಮಸಮಾಚಾರಕ್ಕೆ ಮಾಡಿರ್ತಾಳೆ, ವಾಸಿಯಾಯ್ತು ಅಂತ ಬರೆದುಬಿಡು' ಎಂದರು ನಿಮ್ಮ ತಮ್ಮ. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಇವತ್ತು ಎದ್ದಿಲ್ಲ. ಸುಸ್ತಂತೆ. ಮೈ ಸ್ವಲ್ಪ ಬಿಸಿಯಿತ್ತು, ಮಾತ್ರೆ ಕೊಟ್ಟೆ. ಮಧ್ಯಾಹ್ನ ಎದ್ದು ಕೂತು ಕೆಟಲಿನಲ್ಲಿ ನೀರು ಕೇಳಿದರು, ಕೊಟ್ಟೆ.

ಪಾಪು ಈಗ ಹಲಗೆ ಹತ್ತುವುದನ್ನು ಕಲಿತಿದ್ದಾನೆ. ಈಗಷ್ಟೇ ಅತ್ತೆಯ ಕೋಣೆಯಿಂದ ತೆವಳಿಕೊಂಡು ಬಂದ. ಮುಷ್ಟಿಯಲ್ಲಿ ಏನೋ ಇತ್ತು. ಬಾಯಿಗೆ ಹಾಕುವ ಮೊದಲೇ ಕಿತ್ತುಕೊಂಡೆ. ಹತ್ತಿ, ಒದ್ದೆಯಾಗಿತ್ತು, ಒಂದು ಪಕ್ಕ ಹಳದಿ, ಒಂದು ಪಕ್ಕ ಕಪ್ಪು. ಎಷ್ಟು ಸಲ ಹೇಳಿದ್ದೇನೆ ದೊರೆಸಾನಿಯ ಹತ್ತಿಯನ್ನು ಎಲ್ಲೆಂದರಲ್ಲಿ ಬಿಡಬೇಡಿ ಎಂದು. ಅವನ ಕೈ ತೊಳೆದು, ಬಾಯಿ ತೊಳೆದು, ಮತ್ತೆ ಕೈ ತೊಳೆದು ಬಂದು ಕೂತಿದ್ದೇನೆ.

ಆದರೆ ದೊರೆಸಾನಿಗೆ ಮೂರು ದಿನದಿಂದ ಹತ್ತಿ ಕಟ್ಟಿಲ್ಲವಲ್ಲ.

ಇರಿ, ನೋಡಿ ಬರುತ್ತೇನೆ

ಮಾರ್ಚ್ 24

ಅಕ್ಕ,

ಇದನ್ನು ನಿಮಗೆ ಕಳಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ನನ್ನ ತಲೆ ನಿಲ್ಲುವುದಿಲ್ಲ. ಆಸ್ಪತ್ರೆಯ ಎರಡನೆಯ ಮಹಡಿ, ಕಿಟಕಿಯ ಹತ್ತಿರದ ಹಾಸಿಗೆ. ಅತ್ತೆ ಮಲಗಿದ್ದಾರೆ. ಪಾಪುವನ್ನು ನಿಮ್ಮ ತಮ್ಮ ಕೆಳಗೆ ಅಂಗಳದಲ್ಲಿ ಆಡಿಸುತ್ತಿದ್ದಾರೆ.

ಆ ದಿನ ಬಾಗಿಲು ತಳ್ಳಿದಾಗ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಬಲಗಾಲು ದೊರೆಸಾನಿಯ ಟಬ್ಬಿನಲ್ಲಿತ್ತು. ನೀರಿನಿಂದ ಹಬೆ ಏಳುತ್ತಿತ್ತು. ಮಡಿಲಲ್ಲಿ ಚಿಮಟ, ಉಪ್ಪಿನ ಡಬ್ಬ, ಅಯೋಡಿನ್. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. 'ಬಾಗಿಲು ಹಾಕೇ ಗುಬ್ಬಿ, ಮಗು ಬರುತ್ತೆ' ಎಂದರು.

ಕಾಲನ್ನು ನೀರಿನಿಂದ ಎತ್ತಿದೆ. ಹೇಗಿತ್ತು ಎಂದು ಬರೆಯಲಾರೆ. ಮೇಲೆ ಬೆಂದ ಬೊಬ್ಬೆ. ಅಡಿಯಲ್ಲಿ ಚರ್ಮವೇ ಇಲ್ಲ. ಎರಡು ಬೆರಳು ಇದ್ದಿಲಿನಂತಿದ್ದವು. ಮುಟ್ಟಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಜಲ್ಲಿ ಚುಚ್ಚಿ ಸಣ್ಣದೊಂದು ಗಾಯ ಆಗಿತ್ತಂತೆ, ಫೆಬ್ರವರಿಯಲ್ಲೇ. ನಾನು ಓದಿದ ನಿಮ್ಮ ಕಾಗದ ಅವರಿಗೆ ಬಾಯಿಪಾಠವಾಗಿತ್ತು ಅಕ್ಕ. ನೀರು ಇನ್ನಷ್ಟು ಬಿಸಿ ಇರಲಿ. ದಿನಕ್ಕೆ ಎರಡು ಸಲ. ಸತ್ತ ಚರ್ಮವನ್ನೆಲ್ಲ ಕೀಳು. ರಕ್ತ ಬಂದರೂ ನಿಲ್ಲಿಸಬೇಡ. ಒಂದಕ್ಷರ ತಪ್ಪದೆ ಹೇಳಿದರು. 'ಅವಳು ಬರೆದ ಹಾಗೇ ಮಾಡಿದೆ. ದೊರೆಸಾನಿಗೆ ವಾಸಿಯಾಯ್ತಲ್ಲ. ನಂದು ಸ್ವಲ್ಪ ಹಠಮಾರಿ. ಮೂರು ವಾರದ ಒಳಗೆ ಮಾಡ್ಕೊಬೇಕು ಅಂತ ಎರಡರ ಜಾಗದಲ್ಲಿ ನಾಲ್ಕು ಸಲ ಮಾಡಿದೆ.'

ದೊಡ್ಡ ಡಾಕ್ಟರು, ಬಿಸಿನೀರು ಹಾಕಿ ಚರ್ಮ ಕೀಳಲು ಯಾರು ಹೇಳಿದರು ಎಂದು ಗದರಿದರು. ಅತ್ತೆ, 'ನಮ್ಮನೇಲಿ ಒಬ್ರಿಗೆ ಹೀಗೇ ವಾಸಿಯಾಗಿದೆ' ಎಂದರು. ಯಾರಿಗೆ ಎಂದು ಕೇಳಿದರು ಡಾಕ್ಟರು.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮೊದಲು ನನ್ನ ಕೈ ಹಿಡಿದುಕೊಂಡರು. 'ಅವಳಿಗೆ ಹೇಳ್ಬೇಡ. ತನ್ನ ಕಾಗದದಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ನೀನು ಗಟ್ಟಿ, ನೀನು ತಡ್ಕೋತೀಯ.' ನನ್ನನ್ನು ಗಟ್ಟಿ ಎಂದು ಕರೆದವರು ಲೋಕದಲ್ಲಿ ಅವರೊಬ್ಬರೇ.

ನಿಮ್ಮ ಹದಿನೈದನೆಯ ತಾರೀಖಿನ ಕಾಗದ ಅವರನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಬಂತು.

ಮಾರ್ಚ್ 24

ಅಕ್ಕನಿಗೆ ನಮಸ್ಕಾರ.

ಅತ್ತೆಯವರ ಬಲಗಾಲಿಗೆ ಗಾಯವಾಗಿತ್ತು. ನಾನು ಗಮನಿಸಲಿಲ್ಲ. ಹದಿನೇಳರಂದು ಆಸ್ಪತ್ರೆಗೆ ಸೇರಿಸಿದೆವು. ಪಾದ ಉಳಿಸಲು ಮೂರು ದಿನ ನೋಡಿದರು, ಆಗಲಿಲ್ಲ. ಇಪ್ಪತ್ತೊಂದರಂದು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಜ್ವರ ಇಳಿಯುತ್ತಿದೆ. ಜೀವಕ್ಕೆ ಏನೂ ಇಲ್ಲ ಎಂದು ಇವತ್ತು ಹೇಳಿದರು. ನಿಮ್ಮನ್ನು ಕೇಳುತ್ತಿದ್ದಾರೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಗುಬ್ಬಿ

ಏಪ್ರಿಲ್ 2

ತಮ್ಮನ ಹೆಂಡತಿಗೆ,

ಗುಬ್ಬಿ ಎಂದು ಬರೆಯಲು ಮನಸ್ಸಾಗಲಿಲ್ಲ. ದಿನಕ್ಕೆ ಎರಡು ಸಲ ಬಾತುಕೋಳಿಯ ಕಾಲು ಎತ್ತಿ ನೋಡಿದವಳಿಗೆ ಒಂದೂವರೆ ತಿಂಗಳಲ್ಲಿ ಒಂದು ಸಲವೂ ನನ್ನ ಅಮ್ಮನ ಕಾಲು ನೋಡಬೇಕು ಅನ್ನಿಸಲಿಲ್ಲ. ವಾಸನೆ ಬಂತು, ಬ್ಯಾಂಡೇಜು ಮುಗಿಯಿತು, ಸಾಕ್ಸ್ ಬಂತು. ಎಲ್ಲವನ್ನೂ ಕಂಡಿದ್ದೀಯ, ಎಲ್ಲವನ್ನೂ ನನಗೆ ಬರೆದಿದ್ದೀಯ. ನಿನ್ನ ಮಗುವಿಗೆ ತಗುಲಬಾರದು ಎಂದು ರೋಗವನ್ನು ಅವಳ ಕೋಣೆಗೆ ತಳ್ಳಿ ಅಡ್ಡ ಹಲಗೆ ಹಾಕಿದೆ. ನಾನೂ ಸಾಲು ಸಾಲು ಓದಿದೆ, ನನಗೂ ತಡವಾಗಿಯೇ ಹೊಳೆಯಿತು, ನಿಜ. ಆದರೆ ನಾನು ಅಲ್ಲಿರಲಿಲ್ಲ. ನೀನಿದ್ದೆ.

ಇನ್ನು ಹತ್ತು ದಿನಕ್ಕೆ ಗೇಟು ತೆಗೆಯುತ್ತಾರೆ. ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ನಿನ್ನ ಕೈಯಲ್ಲಿ ಬಿಡುವುದಿಲ್ಲ. ಅವಳ ಬಟ್ಟೆ, ಔಷಧಿ ಕಟ್ಟಿಡು. ನನ್ನ ಕಾಗದಗಳನ್ನೂ ಇಡು.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಅಮ್ಮ ಆ ಗಾಯಕ್ಕೆ ಬರೀ ಬ್ಯಾಂಡೇಜು ಸುತ್ತಿಕೊಂಡಳಾ, ಬೇರೆ ಏನಾದರೂ ಮಾಡಿಕೊಂಡಳಾ? ನನಗೆ ಇದೊಂದು ಗೊತ್ತಾಗಬೇಕು. ಇದು ಗೊತ್ತಾಗದೆ ನಾನೂ ಈಗ ನಿನ್ನ ಹಾಗೆಯೇ ಮಲಗುವುದಿಲ್ಲ.

ಏಪ್ರಿಲ್ 9

ಅಕ್ಕನಿಗೆ,

ಬರೀ ಬ್ಯಾಂಡೇಜು. ಬೇರೆ ಏನೂ ಮಾಡಿಕೊಂಡಿರಲಿಲ್ಲ. ಸುತ್ತಿ, ಸಾಕ್ಸ್ ಹಾಕಿ, ಸುಮ್ಮನಿದ್ದರು. ನೋಡಬೇಕಾದವಳು ನಾನು, ನೋಡಲಿಲ್ಲ. ನೀವು ಬರೆದದ್ದು ಸರಿಯಾಗಿಯೇ ಇದೆ. ನೀವು ಮಲಗಿ.

ನಿಮ್ಮ ಕಾಗದಗಳು ಇಲ್ಲ. ಪಾಪು ಹರಿದು ಹಾಕಿದ.

ಅತ್ತೆಯನ್ನು ಶನಿವಾರ ಮನೆಗೆ ಕಳಿಸುತ್ತಾರೆ. ಅವರ ಪೆಟ್ಟಿಗೆ ಸಿದ್ಧವಾಗಿದೆ. ಮಾತ್ರೆಯ ಚೀಟಿ ಮೇಲೆಯೇ ಇಟ್ಟಿದ್ದೇನೆ, ಹೊತ್ತು ಬರೆದಿದ್ದೇನೆ. ದೊರೆಸಾನಿಯನ್ನೂ ಕರೆದುಕೊಂಡು ಹೋಗುವುದಾದರೆ ಹೋಗಿ. ಎರಡು ಕಾಲಿನ ಮೇಲೆ ಅವಳು ಟಪಟಪ ನಡೆಯುವ ಸದ್ದು ನನಗೆ ಕೇಳಲಾಗುತ್ತಿಲ್ಲ. ಆದರೆ ಅತ್ತೆ ದಿನಾ ಅವಳನ್ನು ವಿಚಾರಿಸುತ್ತಾರೆ.

ಡಾಕ್ಟರು ಹೇಳಿದ್ದನ್ನು ನಿಮಗೆ ಹೇಳಲೇಬೇಕು. ಎಡಗಾಲಿನಲ್ಲೂ ರಕ್ತ ಸರಿಯಾಗಿ ಹರಿಯುತ್ತಿಲ್ಲ. ದಿನಾ ಬೆಳಿಗ್ಗೆ ಬೆಳಕಿನಲ್ಲಿ ನೋಡಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಅಂಗಾಲಿಗೆ ಬೇಕು. ಸಣ್ಣದೊಂದು ಕನ್ನಡಿ ಕೊಂಡು ಅವರ ಬಟ್ಟೆಯ ನಡುವೆ ಇಟ್ಟಿದ್ದೇನೆ. ಬಿಸಿನೀರು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಬಾಗಿಲಿಗೆ ಚಿಲಕ ಇರುವ ಕೋಣೆ ಕೊಡಬೇಡಿ. ಏನಿಲ್ಲ ಎಂದರೆ ನಂಬಬೇಡಿ.

ಮೊನ್ನೆ ಎಡಗಾಲಿಗೆ ಎಣ್ಣೆ ಹಚ್ಚಲು ಹೋದೆ. 'ಅದು ಚೆನ್ನಾಗಿದೆ ಬಿಡು' ಎಂದು ಹೊದಿಕೆಯೊಳಗೆ ಎಳೆದುಕೊಂಡರು. ನಾನು ಹೊದಿಕೆ ತೆಗೆದೆ. ಅತ್ತರು. ಆದರೂ ತೆಗೆದೆ, ನೋಡಿದೆ, ಮೊನ್ನೆ ಏನೂ ಇರಲಿಲ್ಲ. ಇವತ್ತು ಇನ್ನೂ ನೋಡಿಲ್ಲ. ಬೆಳಕಾಗುವುದನ್ನೇ ಕಾಯುತ್ತಾ ಕೂತಿದ್ದೇನೆ.

ಗುಬ್ಬಿ